ಹೈಫಾದಲ್ಲಿ ಮೈಸೂರಿನ ಕುದುರೆ ಸವಾರರು ಗೆದ್ದದ್ದು ಹೇಗೆ?

ಸೆಪ್ಟೆಂಬರ್ 23 ಹತ್ತಿರ ಬಂದ ಹಾಗೆ ನಮ್ಮ ಕಡೆಯ ವಾಟ್ಸಾಪ್ ಗುಂಪುಗಳಲ್ಲಿ ಹೈಫಾ (ಇಂದಿನ ಇಸ್ರೇಲಿನ ಒಂದು ಬಂದರು) ಯುದ್ಧದ ಸಂದೇಶ ಓಡಾಡಲು ಶುರುವಾಗುತ್ತದೆ. ಬರೀ ಈಟಿ, ಕತ್ತಿ ಹಿಡಿದ ಮೈಸೂರು ಮತ್ತು ಜೋಧಪುರದ ಸವಾರರು ಮಷಿನ್‌ಗನ್‌ಗಳ ಎದುರು ನುಗ್ಗಿದರು, ಹೊತ್ತು ಇಳಿಯುವುದರೊಳಗೆ ಊರು ಗೆದ್ದರು ಎಂದು ಅದರಲ್ಲಿ ಇರುತ್ತದೆ. "ಬರೀ" ಎಂಬ ಮಾತೊಂದನ್ನು ಬಿಟ್ಟರೆ ಇದು ನಿಜ. ಮೊದಲ ಮಹಾಯುದ್ಧದ ಹೊತ್ತಿಗೆ, 1918ರಲ್ಲಿ ನಡೆದದ್ದು ಹಾಗೆಯೇ. ಆದರೆ ಓದಿದವರಿಗೆ ಒಂದು ಪ್ರಶ್ನೆ ಉಳಿದುಬಿಡುತ್ತದೆ. ಮಷಿನ್‌ಗನ್ ಬಂದ ಮೇಲೆ ಕುದುರೆ ದಳದ ಕಾಲ ಮುಗಿಯಿತು ಎಂದು ಶಾಲೆಯಲ್ಲಿ ಓದಿದ್ದೇವೆ, ಅಲ್ವಾ? ಹಾಗಾದರೆ ಇವರು ಬದುಕಿ ಬಂದದ್ದು ಹೇಗೆ?

ಧೈರ್ಯ ಎಂದರೆ ಉತ್ತರ ಪೂರ್ತಿಯಾಗುವುದಿಲ್ಲ. ಧೈರ್ಯ ಬೇಕೇ ಬೇಕು. ಆದರೆ ಅಷ್ಟೇ ಧೈರ್ಯದಿಂದ ಇದೇ ಸವಾರರು ಒಂದು ತಿಂಗಳ ನಂತರ ಸಿರಿಯಾದಲ್ಲಿ ಮತ್ತೆ ನುಗ್ಗಿದರು. ಅಲ್ಲಿ ಹಿಂದೆ ಸರಿಯಬೇಕಾಯಿತು. ಆ ಎರಡನೇ ದಿನದ ಬಗ್ಗೆ ಯಾರೂ ಸಂದೇಶ ಕಳಿಸುವುದಿಲ್ಲ. ಎರಡನ್ನೂ ಪಕ್ಕಪಕ್ಕದಲ್ಲಿ ಇಟ್ಟು ನೋಡಿದರೆ ಮಾತ್ರ ಹೈಫಾ ಅರ್ಥವಾಗುತ್ತದೆ ಎಂಬುದು ನನ್ನ ಅಭಿಪ್ರಾಯ.

ನಾನು ಕುಣಿಗಲ್ ಕಡೆಯವನು. ನಮ್ಮೂರಿನ ಸ್ಟಡ್ ಫಾರ್ಮ್ ಶುರುವಾದದ್ದೇ ಟಿಪ್ಪು ಕಾಲದಲ್ಲಿ, ಯುದ್ಧದ ಕುದುರೆ ಬೆಳೆಸಲು. ಇವತ್ತು ಅಲ್ಲಿ ನಾಲ್ಕು ನೂರು ಎಕರೆಗೂ ಜಾಸ್ತಿ ಜಾಗದಲ್ಲಿ ಬೆಳೆಯುವುದು ರೇಸ್ ಕುದುರೆಗಳು. ಬೇಲಿಯಾಚೆ ಮೇಯುವ ಆ ಕುದುರೆಗಳನ್ನು ನೋಡಿಕೊಂಡು ಬೆಳೆದ ನಮಗೆ ಅವು ಚೆಂದದ ಪ್ರಾಣಿಗಳು, ಅಷ್ಟೇ. ರಾಜ್ಯವೊಂದು ಕುದುರೆ ಸಾಕಲು ಅಷ್ಟು ಭೂಮಿ ಯಾಕೆ ಬಿಟ್ಟಿತ್ತು ಎಂದು ಯೋಚಿಸಿದರೆ ಹಳೇ ಮೈಸೂರಿನ ಸೈನ್ಯದ ಲೆಕ್ಕಾಚಾರ ಕಣ್ಣಿಗೆ ಬೀಳುತ್ತದೆ.

ಮೈಸೂರಿನ ಕುದುರೆ ದಳಕ್ಕೆ ಹೆಸರು ತಂದವನು ಹೈದರಾಲಿ. ಹುಟ್ಟಿದ್ದು ಕೋಲಾರ ಜಿಲ್ಲೆಯ ಬೂದಿಕೋಟೆಯಲ್ಲಿ. ಅವನ ತಂದೆ ಫತೇ ಮೊಹಮ್ಮದ್ ಕೋಲಾರದ ಫೌಜುದಾರನಾಗಿದ್ದ. ಹೈದರನ ಸವಾರರ ಕೆಲಸ ವೈರಿಯ ಸಾಲಿನ ಮೇಲೆ ನೇರ ಬೀಳುವುದಕ್ಕಿಂತ ವೇಗವಾಗಿ ಸುತ್ತಿಬರುವುದು, ದವಸದ ಗಾಡಿಗಳನ್ನು ತಡೆಯುವುದು, ವೈರಿಯ ಕುದುರೆಗಳಿಗೆ ಮೇವು ಸಿಗದಂತೆ ಮಾಡುವುದು. 1769ರಲ್ಲಿ ಸುಮಾರು 6,000 ಸವಾರರನ್ನು ಕಟ್ಟಿಕೊಂಡು ಮೂರೂವರೆ ದಿನದಲ್ಲಿ 200 ಕಿಲೋಮೀಟರ್‌ಗೂ ಹೆಚ್ಚು ದಾರಿ ಸಾಗಿ ಮದ್ರಾಸಿನ ಬಾಗಿಲಲ್ಲಿ ನಿಂತ. ಕಂಪನಿಯವರು ಸಂಧಿಗೆ ಒಪ್ಪಿದರು. ಕೋಟೆಗೆ ಮುತ್ತಿಗೆ ಹಾಕುವ ಗೋಜಿಗೇ ಅವನು ಹೋಗಲಿಲ್ಲ. ಕುದುರೆಯ ವೇಗವೇ ಆ ಕೆಲಸ ಮಾಡಿತ್ತು.

1799ರಲ್ಲಿ ಟಿಪ್ಪು ಸತ್ತ ಮೇಲೆ ಮೈಸೂರು ಬ್ರಿಟಿಷರ ಅಧೀನದ ರಾಜ್ಯವಾಯಿತು. ಸಿಲ್ಲೇದಾರ್ ಸವಾರರು ಮಾತ್ರ ಉಳಿದರು. ಸಿಲ್ಲೇದಾರ್ ಎಂದರೆ ತನ್ನದೇ ಕುದುರೆ, ತನ್ನದೇ ಆಯುಧದ ಜೊತೆ ಚಾಕರಿಗೆ ಬರುವವನು. ಸರ್ಕಾರ ಸಂಬಳ ಕೊಡುತ್ತದೆ. ಕುದುರೆ ಸತ್ತರೆ ನಷ್ಟ ಅವನದೇ. ಮರಾಠರ ವಿರುದ್ಧದ 1803ರ ಅಸ್ಸಾಯೆ ಯುದ್ಧದಲ್ಲಿ ಬ್ರಿಟಿಷ್ ದಂಡನಾಯಕ ವೆಲ್ಲೆಸ್ಲಿಯ ಜೊತೆ ಇದ್ದದ್ದು ಇಂಥ ಮೈಸೂರು ಸವಾರರೇ. 1817ರ ಮಹಿದ್‌ಪುರದಲ್ಲೂ ಇದ್ದರು. ಮುಂದೆ 1889ರಲ್ಲಿ ಬ್ರಿಟಿಷ್ ಸರ್ಕಾರ ದೇಶೀ ಸಂಸ್ಥಾನಗಳಿಗೆ ಒಂದು ಯೋಜನೆ ತಂದಿತು. ಸಂಸ್ಥಾನ ತನ್ನ ಖರ್ಚಿನಲ್ಲಿ ಒಂದು ಪಡೆ ಕಟ್ಟಬೇಕು, ಬ್ರಿಟಿಷ್ ಅಧಿಕಾರಿಗಳು ತರಬೇತಿಯ ಮೇಲೆ ಕಣ್ಣಿಡುತ್ತಾರೆ, ಯುದ್ಧ ಬಂದರೆ ಆ ಪಡೆ ಸಾಮ್ರಾಜ್ಯದ ಕೆಲಸಕ್ಕೆ ಹೋಗಬೇಕು. ಹತ್ತನೇ ಚಾಮರಾಜೇಂದ್ರ ಒಡೆಯರ್ ಕಾಲದಲ್ಲಿ, 1890ರ ದಶಕದ ಮೊದಲಲ್ಲಿ, ಹೀಗೆ ರೂಪುಗೊಂಡದ್ದು ಮೈಸೂರು ಇಂಪೀರಿಯಲ್ ಸರ್ವಿಸ್ ಲ್ಯಾನ್ಸರ್ಸ್, ಅಂದರೆ ಈಟಿ ಹಿಡಿದ ಕುದುರೆ ದಳ. ನೆಲೆ ಬೆಂಗಳೂರು.

ಒಂದು ರೆಜಿಮೆಂಟ್ ಒಳಗೆ ಏನಿರುತ್ತದೆ?

ಮುಂದಿನ ಕಥೆ ಹಿಡಿತಕ್ಕೆ ಸಿಗಬೇಕಾದರೆ ಇದೊಂದು ಗೊತ್ತಿರಬೇಕು. ಲ್ಯಾನ್ಸರ್ಸ್ ರೆಜಿಮೆಂಟ್ ಎಂದರೆ ಸುಮಾರು ಐನೂರು ಸವಾರರು, ಅಷ್ಟೇ ಕುದುರೆಗಳು. ಅದನ್ನು ಸ್ಕ್ವಾಡ್ರನ್‌ಗಳಾಗಿ ಒಡೆಯುತ್ತಾರೆ. ಒಂದೊಂದರಲ್ಲಿ ನೂರು, ನೂರಿಪ್ಪತ್ತು ಜನ. ಅದರೊಳಗೆ ಮತ್ತೆ ಸಣ್ಣ ತುಕಡಿಗಳು. ಸವಾರ, ಅವನ ಮೇಲೆ ದಫೇದಾರ್, ಜಮಾದಾರ್, ರಿಸಾಲ್ದಾರ್. ಜೊತೆಗೆ ಲಾಳ ಹೊಡೆಯುವವರು, ಜೀನು ಹೊಲಿಯುವವರು, ಕುದುರೆ ವೈದ್ಯರು, ಅಡುಗೆಯವರು, ಹೇಸರಗತ್ತೆ ಹೊಡೆಯುವವರು. ಇಂಥ ಮೂರು ರೆಜಿಮೆಂಟ್ ಸೇರಿದರೆ ಒಂದು ಬ್ರಿಗೇಡ್.

ಸವಾರನ ಕೈಯಲ್ಲಿ ಸುಮಾರು ಒಂಬತ್ತು ಅಡಿ ಉದ್ದದ ಬಿದಿರಿನ ಈಟಿ, ತುದಿಗೆ ಉಕ್ಕು. ಸೊಂಟಕ್ಕೆ ಕತ್ತಿ. ಇವೆರಡೇ ಇದ್ದವು ಎಂದು ನಮ್ಮ ಸಂದೇಶಗಳು ಹೇಳುವುದು ಮಾತ್ರ ತಪ್ಪು. ಪ್ರತಿಯೊಬ್ಬನ ಬಳಿ ರೈಫಲ್ ಇತ್ತು. ಬ್ರಿಗೇಡಿಗೆ ಮಷಿನ್‌ಗನ್ ದಳವಿತ್ತು. ಬೇಕಾದರೆ ಕುದುರೆ ಎಳೆಯುವ ಫಿರಂಗಿಗಳೂ ಜೊತೆ ಬರುತ್ತಿದ್ದವು. ಆ ಕಾಲದ ಕುದುರೆ ದಳ ಹೆಚ್ಚಿನ ಹೊತ್ತು ಹೋರಾಡುತ್ತಿದ್ದದ್ದು ಕೆಳಗಿಳಿದು, ರೈಫಲ್ ಹಿಡಿದೇ.

ಕೆಳಗಿಳಿದರೆ ಒಂದು ತೊಂದರೆ ಇದೆ. ಕುದುರೆಗಳನ್ನು ಯಾರಾದರೂ ಹಿಡಿದುಕೊಳ್ಳಬೇಕು. ನಾಲ್ವರಲ್ಲಿ ಒಬ್ಬ ನಾಲ್ಕು ಲಗಾಮು ಹಿಡಿದು ಮರೆಯಲ್ಲಿ ನಿಲ್ಲುತ್ತಾನೆ. ಅಂದರೆ ನೂರು ಜನರಲ್ಲಿ ಗುಂಡು ಹಾರಿಸುವವರು ಎಪ್ಪತ್ತೈದೇ. ಅಷ್ಟೇ ಸಂಖ್ಯೆಯ ಕಾಲಾಳುಗಳ ಎದುರು ಇಳಿದು ನಿಂತ ಕುದುರೆ ದಳ ಯಾವಾಗಲೂ ಒಂದು ಕೈ ಕಡಿಮೆ. ಹಾಗಾಗಿ ದಂಡನಾಯಕನ ತಲೆಯಲ್ಲಿ ಸದಾ ಒಂದು ಪ್ರಶ್ನೆ: ಇಳಿದು ಸುಡುವುದೋ, ಏರಿ ನುಗ್ಗುವುದೋ?

ನಾಲ್ಕು ವರ್ಷ ಕಾಲುವೆ, ಮರಳು, ಧೂಳು

1914ರ ಅಕ್ಟೋಬರ್‌ನಲ್ಲಿ ಲ್ಯಾನ್ಸರ್ಸ್ ಬೆಂಗಳೂರು ಬಿಟ್ಟರು. ಬೊಂಬಾಯಿಯಿಂದ ಹಡಗು. ಹುರುಳಿ ತಿಂದು ಬೆಳೆದ ಕುದುರೆಗಳು ವಾರಗಟ್ಟಲೆ ಹಡಗಿನ ಹೊಟ್ಟೆಯಲ್ಲಿ ನಿಂತೇ ಸಾಗಿದವು. ಇಳಿದದ್ದು ಈಜಿಪ್ಟಿನಲ್ಲಿ. ಆಗಿನ ಮಹಾರಾಜ ನಾಲ್ವಡಿ ಕೃಷ್ಣರಾಜ ಒಡೆಯರ್ ಯುದ್ಧದ ಖರ್ಚಿಗೆಂದು 50 ಲಕ್ಷ ರೂಪಾಯಿ ಕೊಟ್ಟಿದ್ದರು. ಆ ಕಾಲದ 50 ಲಕ್ಷ ಎಂದರೆ ರಾಜ್ಯದ ಬೊಕ್ಕಸಕ್ಕೆ ಸಣ್ಣ ಹೊರೆಯಲ್ಲ.

ದಳದಲ್ಲಿ ಮುಸ್ಲಿಮರಿದ್ದರು, ಮರಾಠರಿದ್ದರು, ಅರಸು ಮನೆತನದವರಿದ್ದರು. ಕರ್ನಲ್ ಬಿ. ಚಾಮರಾಜ ಅರಸ್ ಮುಂದಾಳುಗಳಲ್ಲಿ ಪ್ರಮುಖರು. ಮೀರ್ ತುರಾಬ್ ಅಲಿ ಎಂಬ ಅಧಿಕಾರಿಯ ಹೆಸರೂ ಈ ದಳದ ಜೊತೆ ಸೇರಿಕೊಂಡಿದೆ. ಎದುರಿಗಿದ್ದದ್ದು ಒಟ್ಟೋಮನ್ ತುರ್ಕರ ಸೈನ್ಯ. ತುರ್ಕಿಯ ಸುಲ್ತಾನ ಆಗ ಮುಸ್ಲಿಂ ಜಗತ್ತಿನ ಖಲೀಫ. ಅವನು ಜಿಹಾದ್‌ಗೆ ಕರೆ ಕೊಟ್ಟಿದ್ದ. ದಳದ ಮುಸ್ಲಿಂ ಸವಾರರ ಮನಸ್ಸಿಗೆ ಇದು ಸುಲಭದ ಹೊತ್ತಾಗಿರಲಿಲ್ಲ ಎಂದು ಊಹಿಸಬಹುದು. ಆದರೂ ದಳ ಒಂದಾಗಿ ನಿಂತಿತು.

ಮೊದಲ ಕೆಲಸ ಸೂಯೆಜ್ ಕಾಲುವೆಯ ಕಾವಲು. ಬ್ರಿಟನ್ನಿನಿಂದ ಭಾರತಕ್ಕೆ ಬರುವ ಹಡಗುಗಳಿಗೆ ಹತ್ತಿರದ ದಾರಿ ಅದೇ. 1915ರ ಫೆಬ್ರವರಿಯಲ್ಲಿ ತುರ್ಕರು ಸಿನಾಯ್ ಮರುಭೂಮಿ ದಾಟಿ ಬಂದು ಕಾಲುವೆಯ ಮೇಲೆ ಬಿದ್ದರು, ಸೋತು ಹೋದರು. ಅಲ್ಲಿಂದ ಮುಂದೆ ತಿಂಗಳುಗಟ್ಟಲೆ ಗಸ್ತು. ಬಾವಿಗಳನ್ನು ಕಾಯುವುದು, ಮರಳಿನಲ್ಲಿ ಹೆಜ್ಜೆ ಗುರುತು ಹುಡುಕುವುದು, ಸಣ್ಣಪುಟ್ಟ ಚಕಮಕಿ. ಹೆಸರು ತರುವ ಕೆಲಸವಲ್ಲ. ಆದರೆ ಮರುಭೂಮಿಯಲ್ಲಿ ಕುದುರೆಯನ್ನು ಬದುಕಿಸಿಕೊಳ್ಳುವ ಪಾಠ ಕಲಿತದ್ದು ಇಲ್ಲೇ. ಒಂದು ಕುದುರೆಗೆ ಬಿಸಿಲಲ್ಲಿ ದಿನಕ್ಕೆ ಮೂವತ್ತು, ನಲವತ್ತು ಲೀಟರ್ ನೀರು ಬೇಕು. ಸವಾರ, ಜೀನು, ರೈಫಲ್, ಗುಂಡು, ಮೇವು ಎಲ್ಲ ಸೇರಿ ಅದರ ಬೆನ್ನ ಮೇಲೆ 100 ಕೆಜಿಗೂ ಜಾಸ್ತಿ ಭಾರ. ಸಾವಿರಾರು ಕುದುರೆಗಳ ಸೈನ್ಯ ಬಾವಿಯಿಂದ ಬಾವಿಗೆ ಮಾತ್ರ ಹೋಗಬಲ್ಲದು. ಈ ಯುದ್ಧದ ಅರ್ಧ ನಕ್ಷೆಯನ್ನು ಬರೆದದ್ದು ಬಾವಿಗಳೇ.

1917ರ ಕೊನೆಗೆ ಗಾಜಾ ಬಿತ್ತು, ಡಿಸೆಂಬರ್‌ನಲ್ಲಿ ಜೆರುಸಲೇಂ ಬಿತ್ತು. 1918ರ ಬೇಸಿಗೆ ಕಳೆದದ್ದು ಜೋರ್ಡಾನ್ ಕಣಿವೆಯಲ್ಲಿ. ಸಮುದ್ರ ಮಟ್ಟಕ್ಕಿಂತ ಮುನ್ನೂರು ಮೀಟರ್‌ಗೂ ಕೆಳಗಿರುವ ಜಾಗ ಅದು. ಸುಡುವ ಬಿಸಿಲು, ಹಿಟ್ಟಿನಷ್ಟು ನುಣ್ಣಗಿನ ಧೂಳು, ಸೊಳ್ಳೆ, ಮಲೇರಿಯಾ. ಅಲ್ಲಿ ಸುಮ್ನೆ ಬದುಕಿರುವುದೇ ದೊಡ್ಡ ಕೆಲಸವಾಗಿತ್ತು. ಜುಲೈ 14ರಂದು ಜೋರ್ಡಾನ್ ನದಿಯ ಅಲ್ ಹಿನು ಎಂಬ ಕಡವಿನ ಹತ್ತಿರ ಜೋಧಪುರ ಮತ್ತು ಮೈಸೂರು ಸವಾರರು ತುರ್ಕಿ ಕುದುರೆ ದಳದ ಮೇಲೆ ಈಟಿ ಹಿಡಿದು ನುಗ್ಗಿ ಅದನ್ನು ಚದುರಿಸಿದರು. ಎರಡು ತಿಂಗಳ ನಂತರ ಹೈಫಾದಲ್ಲಿ ಇದೇ ಎರಡು ದಳ ಜೊತೆಗಿದ್ದವು. ಒಬ್ಬರ ಮೇಲೆ ಒಬ್ಬರಿಗೆ ನಂಬಿಕೆ ಬಂದಿತ್ತು ಎನ್ನಲು ಇಷ್ಟು ಸಾಕು.

ಮರದ ಕುದುರೆ, ಬಟ್ಟೆಯ ಕುದುರೆ

ಪ್ಯಾಲೆಸ್ಟೈನ್‌ನಲ್ಲಿ ಬ್ರಿಟಿಷ್ ಸೈನ್ಯದ ಮುಖ್ಯಸ್ಥ ಜನರಲ್ ಅಲೆನ್‌ಬಿ. ತುರ್ಕರ ಸಾಲನ್ನು ಸಮುದ್ರದ ದಂಡೆಯ ಕಡೆ ಒಡೆಯಬೇಕು ಎಂಬುದು ಅವನ ಯೋಚನೆ. ತುರ್ಕರು ಮಾತ್ರ ದಾಳಿ ಜೋರ್ಡಾನ್ ಕಣಿವೆಯಿಂದ ಬರುತ್ತದೆ ಎಂದು ನಂಬಬೇಕಿತ್ತು. ಅದಕ್ಕಾಗಿ ಕಣಿವೆಯ ಪಾಳಯಗಳಲ್ಲಿ ಮರ ಮತ್ತು ಕ್ಯಾನ್ವಾಸ್ ಬಟ್ಟೆಯಿಂದ ಸಾವಿರಾರು ಸುಳ್ಳು ಕುದುರೆಗಳನ್ನು ನಿಲ್ಲಿಸಿದರು. ಹೇಸರಗತ್ತೆಗಳ ಕೈಯಲ್ಲಿ ಮರದ ಹಲಗೆ ಎಳೆಸಿ ಧೂಳೆಬ್ಬಿಸಿದರು, ಮೇಲಿನಿಂದ ವಿಮಾನದಲ್ಲಿ ನೋಡಿದವರಿಗೆ ಕುದುರೆಗಳು ನೀರಿಗೆ ಹೋಗುತ್ತಿವೆ ಎನಿಸಲಿ ಎಂದು. ನಿಜವಾದ ಕುದುರೆಗಳು ರಾತ್ರಿ ಹೊತ್ತು ನಡೆದು ಸಮುದ್ರದ ದಂಡೆಯ ಜಾಫಾ ಊರಿನ ಸುತ್ತಿನ ಕಿತ್ತಳೆ ತೋಟಗಳಲ್ಲಿ ಅಡಗಿದ್ದವು.

ಸೆಪ್ಟೆಂಬರ್ 19ರ ಬೆಳಗಿನ ಜಾವ ಫಿರಂಗಿಗಳು ಒಮ್ಮೆಲೇ ಗರ್ಜಿಸಿದವು. ಕಾಲಾಳುಗಳು ತುರ್ಕರ ಸಾಲು ಒಡೆದರು. ಅದೇ ಸಂದಿನಲ್ಲಿ ಕುದುರೆ ದಳಗಳು ಹಾದು ಹಿಂದಿನ ನಾಡಿಗೆ ನುಗ್ಗಿದವು. ಕುದುರೆ ದಳಕ್ಕೆ ಕೆಲಸ ಸಿಕ್ಕಿದ್ದು ಇಲ್ಲಿ. ಫ್ರಾನ್ಸ್‌ನಲ್ಲಿ ಸಾಲುಸಾಲು ಕಂದಕ, ಮುಳ್ಳುತಂತಿ. ಒಂದು ಸಾಲು ಒಡೆದರೆ ಹಿಂದೆ ಇನ್ನೊಂದು. ಅಲ್ಲಿ ಕುದುರೆಗಳು ವರ್ಷಗಟ್ಟಲೆ ಕಾದು ನಿಂತವು. ಪ್ಯಾಲೆಸ್ಟೈನ್‌ನಲ್ಲಿ ತೆಳುವಾದ ಒಂದು ಸಾಲು ಒಡೆದರೆ ಹಿಂದೆ ಬಯಲು. ಬಯಲು ಸಿಕ್ಕಿದ ಮೇಲೆ ಕುದುರೆಯನ್ನು ಹಿಡಿಯುವವರು ಯಾರು? ಎರಡೇ ದಿನದಲ್ಲಿ ತುರ್ಕರು ಹಿಂದೆ ಸರಿಯುವ ದಾರಿಗಳಿಗೆ ತಡೆ ಬಿತ್ತು. ತುರ್ಕರ ಪಡೆಗಳನ್ನು ನಡೆಸುತ್ತಾ ನಜರೇತಿನಲ್ಲಿದ್ದ ಜರ್ಮನ್ ಸೇನಾಧಿಪತಿ ಲಿಮಾನ್ ಫಾನ್ ಸಾಂಡರ್ಸ್ ಕೂದಲೆಳೆಯಲ್ಲಿ ತಪ್ಪಿಸಿಕೊಂಡ.

ಹೈಫಾ: ಬೆಟ್ಟ ಒಂದು ಕಡೆ, ಉಸುಬು ಇನ್ನೊಂದು ಕಡೆ

ಮುಂದೆ ದಮಾಸ್ಕಸ್ ಕಡೆ ಹೋಗಬೇಕಾದರೆ ಸೈನ್ಯಕ್ಕೆ ದವಸ, ಮದ್ದುಗುಂಡು ಬರಬೇಕು. ರಸ್ತೆ ಕೆಟ್ಟದ್ದು, ರೈಲು ಸಾಲದು. ಬಂದರು ಬೇಕು. ಹತ್ತಿರದ ಒಳ್ಳೆಯ ಬಂದರು ಹೈಫಾ. ತುರ್ಕರು ಊರು ಬಿಟ್ಟು ಹೋಗಿದ್ದಾರೆ ಎಂಬ ಸುದ್ದಿ ನಂಬಿ ಸೆಪ್ಟೆಂಬರ್ 22ರಂದು ಕವಚದ ಮೋಟಾರುಗಳಲ್ಲಿ ಒಂದು ಬ್ರಿಟಿಷ್ ಗುಂಪು ಹೊರಟಿತು. ಬೆಟ್ಟದ ಫಿರಂಗಿಗಳು ಅದನ್ನು ಅಟ್ಟಿ ಕಳಿಸಿದವು. ಮರುದಿನ ಆ ಕೆಲಸ ಬ್ರಿಗೇಡಿಯರ್ ಜನರಲ್ ಹಾರ್ಬರ್ಡ್‌ನ 15ನೇ ಇಂಪೀರಿಯಲ್ ಸರ್ವಿಸ್ ಕ್ಯಾವಲ್ರಿ ಬ್ರಿಗೇಡಿನ ಪಾಲಿಗೆ ಬಂತು. ಬ್ರಿಗೇಡಿನಲ್ಲಿ ಮೂರು ರೆಜಿಮೆಂಟ್: ಜೋಧಪುರ, ಮೈಸೂರು, ಹೈದರಾಬಾದ್. ಹಿಂದಿನ ದಿನಗಳಲ್ಲಿ ಹಿಡಿದ ಕೈದಿಗಳನ್ನು ನೋಡಿಕೊಳ್ಳುವ ಕೆಲಸ ಹೈದರಾಬಾದಿನವರಿಗೆ ಬಿತ್ತು. ಹೈಫಾಗೆ ಹೋದದ್ದು ಉಳಿದ ಎರಡು.

ಜಾಗವನ್ನು ಕಣ್ಣ ಮುಂದೆ ತಂದುಕೊಳ್ಳಿ. ಆಗ್ನೇಯದಿಂದ ಊರಿಗೆ ಬರುವ ರಸ್ತೆಯ ಎಡಕ್ಕೆ ಕಾರ್ಮೆಲ್ ಬೆಟ್ಟದ ಸಾಲು. ಬಲಕ್ಕೆ ಕಿಶೋನ್ ನದಿ, ಅದರ ದಡದಲ್ಲಿ ಜವುಗು. ನಡುವೆ ಇಕ್ಕಟ್ಟಾದ ಒಂದು ಪಟ್ಟಿ. ರಸ್ತೆ, ರೈಲು ಹಳಿ ಎರಡೂ ಅದರಲ್ಲೇ ಹೋಗಬೇಕು. ಬೆಟ್ಟದ ಮೇಲೆ ಫಿರಂಗಿಗಳು. ಕೆಳಗಿನ ಇಳಿಜಾರಲ್ಲಿ ಮಷಿನ್‌ಗನ್‌ಗಳು. ಈ ಪಟ್ಟಿಯಲ್ಲಿ ಸುಮ್ನೆ ದೌಡಾಯಿಸಿದ್ದರೆ ಒಂದು ಕುದುರೆಯೂ ಆಚೆ ಮುಟ್ಟುತ್ತಿರಲಿಲ್ಲ.

ಬೆಳಗ್ಗೆ ಹತ್ತರ ಹೊತ್ತಿಗೆ ಬ್ರಿಗೇಡ್ ಊರಿನ ಹತ್ತಿರದ ಬಲದ್ ಅಲ್ ಶೇಖ್ ಎಂಬ ಹಳ್ಳಿ ಮುಟ್ಟಿತು. ಅಷ್ಟರಲ್ಲಿ ಬೆಟ್ಟದಿಂದ ಗುಂಡು ಬೀಳಲು ಶುರು. ಹಾರ್ಬರ್ಡ್ ಅವಸರ ಮಾಡಲಿಲ್ಲ. ಹನ್ನೊಂದೂ ಮುಕ್ಕಾಲಿಗೆ ಮೈಸೂರಿನ ಒಂದು ಸ್ಕ್ವಾಡ್ರನ್ ಬೆಟ್ಟ ಹತ್ತಲು ಹೊರಟಿತು. ಸುತ್ತಿ ಹೋಗಿ, ಮೇಲಿರುವ ಫಿರಂಗಿಗಳನ್ನು ಹಿಡಿಯಬೇಕು ಎಂಬ ಆಜ್ಞೆ. ಮೈಸೂರಿನದೇ ಇನ್ನೊಂದು ತಂಡ ಎರಡು ಮಷಿನ್‌ಗನ್ ತೆಗೆದುಕೊಂಡು ಉತ್ತರದ ಕಡೆ ಹೋಯಿತು, ಆ ದಿಕ್ಕಿನಿಂದ ತುರ್ಕರ ಮೇಲೆ ಗುಂಡಿನ ಮಳೆ ಸುರಿಸಲು. ಜೋಧಪುರದವರು ಮುಖ್ಯ ದಾಳಿಗೆ ಸಿದ್ಧವಾಗಿ ನಿಂತರು. ದಾಳಿಯ ಹೊತ್ತು ಮಧ್ಯಾಹ್ನ ಎರಡು ಗಂಟೆ ಎಂದು ನಿಗದಿಯಾಯಿತು.

ಬೆಟ್ಟ ಹತ್ತಿದವರ ಪಾಡು ಹೇಗಿತ್ತು ಎಂದು ತಿಳಿಯಲು ನಮ್ಮ ತುಮಕೂರಿನವರು ದೇವರಾಯನದುರ್ಗವನ್ನು ನೆನೆಯಬಹುದು. ಡಾಂಬರು ರಸ್ತೆ ಬಿಟ್ಟು, ಬಂಡೆ, ಪೊದೆ, ಮುಳ್ಳಿನ ನಡುವೆ, ಜೀನು ಹೇರಿದ ಕುದುರೆಯನ್ನು ತುದಿಗೆ ಹತ್ತಿಸಬೇಕು. ಹೊತ್ತು ನೆತ್ತಿಯ ಮೇಲಿದೆ. ಎರಡು ಗಂಟೆಯೊಳಗೆ ಮುಟ್ಟಬೇಕು. ಮುಟ್ಟಿದ ಮೇಲೆ ಯುದ್ಧ ಮಾಡಬೇಕು. ದಾರಿಯಲ್ಲಿ ಕುದುರೆಗಳು ಜಾರಿದವು, ಕುಂಟಾದವು. ಹೊರಟವರಲ್ಲಿ ಕೊನೆಗೆ ಕುದುರೆ ಮೇಲೆ ನುಗ್ಗುವ ಸ್ಥಿತಿಯಲ್ಲಿ ಉಳಿದದ್ದು ಬೆರಳೆಣಿಕೆಯ ಸವಾರರು. ಆ ಬೆರಳೆಣಿಕೆಯವರೇ ಫಿರಂಗಿ ನೆಲೆಯ ಮೇಲೆ ಬಿದ್ದು ಅದನ್ನು ಹಿಡಿದರು. ಒಂದು ದೊಡ್ಡ ನೌಕಾ ಫಿರಂಗಿಯೂ ಅವರ ಕೈಗೆ ಬಂತು.

ಕೆಳಗೆ ಎರಡು ಗಂಟೆಗೆ ಜೋಧಪುರದ ದಳ ಹೊರಟಿತು. ಅವರ ಮೊದಲ ಯೋಚನೆ ಕಿಶೋನ್ ನದಿಯ ಕಡೆಗೆ ತಿರುಗಿ ಮುನ್ನುಗ್ಗುವುದು. ಮುಂದಿನ ಕುದುರೆಗಳು ಉಸುಬಿನಲ್ಲಿ ಹೂತವು. ಗುಂಡು ಬೀಳುತ್ತಿರುವಾಗ ಅಲ್ಲಿ ಒಂದು ನಿಮಿಷ ನಿಂತಿದ್ದರೂ ಕಥೆ ಮುಗಿದಿತ್ತು. ದಳ ಓಟದಲ್ಲೇ ಎಡಕ್ಕೆ ತಿರುಗಿತು. ಬೆಟ್ಟದ ಬುಡದಲ್ಲಿದ್ದ ಮಷಿನ್‌ಗನ್‌ಗಳ ಮೇಲೆ ನೇರ ಬಿದ್ದು, ಅವುಗಳನ್ನು ಹಿಡಿದು, ರಸ್ತೆ ತೆರೆಯಿತು. ಹಿಂದಿನ ಸ್ಕ್ವಾಡ್ರನ್‌ಗಳು ಅದೇ ರಸ್ತೆಯಲ್ಲಿ ಊರೊಳಗೆ ನುಗ್ಗಿದವು. ಅದುವರೆಗೆ ಗುಂಡು ಹಾರಿಸಿ ಆಸರೆ ಕೊಡುತ್ತಿದ್ದ ಮೈಸೂರಿನವರೂ ಕುದುರೆ ಏರಿ ಹಿಂದೆಯೇ ಹೊಕ್ಕರು. ಬೀದಿಗಳಲ್ಲಿ ಈಟಿಯ ಕಾಳಗ ನಡೆಯಿತು. ಜೋಧಪುರದ ಮುಂದಾಳು ಮೇಜರ್ ದಳಪತ್ ಸಿಂಗ್ ಈ ದಾಳಿಯಲ್ಲಿ ತೀರಿಕೊಂಡರು. ಸುಮಾರು ಒಂದು ಗಂಟೆಯಲ್ಲಿ ಊರು ಕೈಸೇರಿತು.

ಲೆಕ್ಕ ನೋಡಿ. ಸಿಕ್ಕ ಕೈದಿಗಳು 1,350. ಫಿರಂಗಿ 17, ಮಷಿನ್‌ಗನ್ 11. ನಮ್ಮ ಕಡೆ ಸತ್ತವರು 8, ಗಾಯಗೊಂಡವರು 34. ಕುದುರೆಗಳ ಲೆಕ್ಕ ಬೇರೆಯೇ ಇದೆ: ಸತ್ತದ್ದು 60, ಗಾಯಗೊಂಡದ್ದು 83. ಸವಾರರ ಪಾಲಿಗೆ ಬರಬೇಕಿದ್ದ ಗುಂಡುಗಳನ್ನು ಹೆಚ್ಚಾಗಿ ಹೊತ್ತದ್ದು ಕುದುರೆಗಳು. ಈ ಎರಡು ಲೆಕ್ಕಗಳನ್ನು ಒಟ್ಟಿಗೆ ಓದಿದಾಗಲೆಲ್ಲ ನನಗೆ ಹೊಟ್ಟೆಯಲ್ಲಿ ಸಂಕಟವಾಗುತ್ತದೆ.

ಮಷಿನ್‌ಗನ್ ಯಾಕೆ ತಡೆಯಲಿಲ್ಲ?

ಮೊದಲ ಕಾರಣ ಸಮಯ. ಕಾಲಾಳು ಒಂದು ಕಿಲೋಮೀಟರ್ ಬಯಲು ದಾಟಲು ಹನ್ನೆರಡು, ಹದಿನೈದು ನಿಮಿಷ ಬೇಕು. ಅಷ್ಟೂ ಹೊತ್ತು ಅವನು ಗುರಿಯೊಳಗೆ ಇರುತ್ತಾನೆ. ನಾಗಾಲೋಟದ ಕುದುರೆ ಅದೇ ದೂರವನ್ನು ಎರಡು, ಎರಡೂವರೆ ನಿಮಿಷದಲ್ಲಿ ದಾಟುತ್ತದೆ. ಮಷಿನ್‌ಗನ್ನಿನವನು ಕ್ಷಣಕ್ಷಣಕ್ಕೂ ದೂರದ ಅಂದಾಜು ಬದಲಿಸಬೇಕು. ಹತ್ತಿರ ಬಂದಷ್ಟೂ ಅವನ ಕೈ ನಡುಗುತ್ತದೆ, ಗುಂಡು ತಲೆಯ ಮೇಲೆ ಹಾರುತ್ತದೆ. ಗುಂಡು ತಗುಲಿದ ಕುದುರೆಯೂ ಕೂಡಲೇ ಬೀಳುವುದಿಲ್ಲ. ಓಟದ ಬಿಸಿಯಲ್ಲಿ ಸವಾರನನ್ನು ಗುರಿ ಮುಟ್ಟಿಸಿ ಆಮೇಲೆ ಬಿದ್ದ ಕುದುರೆಗಳಿವೆ.

ಆದರೆ ಈ ಎರಡು ನಿಮಿಷದ ಲಾಭ ಸಿಗುವುದು ಒಂದೇ ದಿಕ್ಕಿನಿಂದ ಗುಂಡು ಬರುವಾಗ ಮಾತ್ರ. ಮೇಲಿನಿಂದ ಫಿರಂಗಿ, ಎದುರಿನಿಂದ ಮಷಿನ್‌ಗನ್, ಪಕ್ಕದಿಂದ ರೈಫಲ್ ಒಟ್ಟಿಗೆ ಬಿದ್ದರೆ ವೇಗವೂ ಉಳಿಸುವುದಿಲ್ಲ. ಹೈಫಾದಲ್ಲಿ ಮೈಸೂರಿನವರು ಮಾಡಿದ್ದು ಇದನ್ನು ತಪ್ಪಿಸುವ ಕೆಲಸ. ಬೆಟ್ಟ ಹತ್ತಿದವರು ಮೇಲಿನ ಬಾಯಿ ಮುಚ್ಚಿಸಿದರು. ಉತ್ತರಕ್ಕೆ ಹೋದವರು ತುರ್ಕರ ಗಮನವನ್ನು ಆ ಕಡೆ ಎಳೆದರು. ಹಿಂದೆ ಉಳಿದವರು ಮಷಿನ್‌ಗನ್ ಹಿಡಿದವರು ತಲೆ ಎತ್ತದಂತೆ ಗುಂಡು ಹಾರಿಸುತ್ತಲೇ ಇದ್ದರು. ಜೊತೆಗೆ ಬ್ರಿಗೇಡಿನ ಫಿರಂಗಿಗಳ ಆಸರೆ ಇತ್ತು. ಜೋಧಪುರದವರು ಈ ಸಂದಿನಲ್ಲಿ ನುಗ್ಗಿದರು. ಅವರ ಸಾಹಸಕ್ಕೆ ನಾನು ತಲೆಬಾಗುತ್ತೇನೆ. ಆದರೆ ಮೈಸೂರಿನವರನ್ನು "ಜೊತೆಗಿದ್ದವರು" ಎಂದು ಒಂದು ಸಾಲಿನಲ್ಲಿ ಮುಗಿಸುವ ಬರಹಗಳನ್ನು ಕಂಡರೆ ಬೇಸರವಾಗುತ್ತದೆ. ಬೆಟ್ಟದ ಮೇಲಿನ ಕೆಲಸ ಆಗದಿದ್ದರೆ ಕೆಳಗಿನ ದಾರಿ ತೆರೆಯುತ್ತಿರಲಿಲ್ಲ.

ಹರಿತಾನ್: ಯಾರೂ ನೆನೆಯದ ದಿನ

ಹೈಫಾ ನಂತರ ದಳಗಳು ನಿಲ್ಲಲಿಲ್ಲ. ಅಕ್ಟೋಬರ್ 1ಕ್ಕೆ ದಮಾಸ್ಕಸ್ ಬಿತ್ತು. ಜೋರ್ಡಾನ್ ಕಣಿವೆಯಲ್ಲಿ ಮೈಗೆ ಹೊಕ್ಕ ಮಲೇರಿಯಾ ಈಗ ಹೊರಬಂತು, ಅದರ ಮೇಲೆ ಇನ್‌ಫ್ಲುಯೆಂಜಾ. ಸೈನ್ಯದಲ್ಲಿ ಸಾವಿರಾರು ಜನ ಹಾಸಿಗೆ ಹಿಡಿದರು. ಇನ್ನೂ ಉತ್ತರಕ್ಕೆ, ಅಲೆಪ್ಪೋ ಕಡೆ ಹೋಗಲು ಶಕ್ತಿ ಉಳಿದದ್ದು 5ನೇ ಕ್ಯಾವಲ್ರಿ ಡಿವಿಜನ್‌ಗೆ ಮಾತ್ರ. ನಮ್ಮ ಬ್ರಿಗೇಡ್ ಅದರ ಭಾಗ. ಸೆಪ್ಟೆಂಬರ್ 19ರಿಂದ ಅಕ್ಟೋಬರ್ 26ರವರೆಗೆ, 38 ದಿನಗಳಲ್ಲಿ ಈ ಡಿವಿಜನ್ ಸುಮಾರು 885 ಕಿಲೋಮೀಟರ್ ಸಾಗಿತು. ನಡುನಡುವೆ ಯುದ್ಧ ಮಾಡಿಕೊಂಡು.

ಅಕ್ಟೋಬರ್ 26ರಂದು ಅಲೆಪ್ಪೋ ಕೈಸೇರಿತು. ತುರ್ಕರು ಊರಿನ ವಾಯವ್ಯಕ್ಕೆ ಸರಿದಿದ್ದರು. ಆ ಭಾಗದ ತುರ್ಕಿ ಪಡೆಗಳ ಮುಖ್ಯಸ್ಥ ಮುಸ್ತಫಾ ಕೆಮಾಲ್, ಮುಂದೆ ಅತಾತುರ್ಕ್ ಎಂದು ಹೆಸರಾದವನು. ಹರಿತಾನ್ ಎಂಬ ಹಳ್ಳಿಯ ಹತ್ತಿರ ಹಾರ್ಬರ್ಡ್‌ಗೆ ಒಂದು ತುರ್ಕಿ ತುಕಡಿ ಕಂಡಿತು. ಸುಮಾರು ಒಂದು ಸಾವಿರ ಜನ ಇರಬಹುದು ಎಂಬ ಅಂದಾಜು. ನಿಜಕ್ಕೆ ಇದ್ದವರು ಸುಮಾರು ಮೂರು ಪಟ್ಟು. ಬ್ರಿಗೇಡಿನ ಜೊತೆ ಮಷಿನ್‌ಗನ್ ದಳ, ಕವಚದ ಮೋಟಾರುಗಳು ಇದ್ದವು. ಫಿರಂಗಿ ಇರಲಿಲ್ಲ.

ಈ ಸಲ ಮುಂದೆ ನಿಂತದ್ದು ಮೈಸೂರು ಲ್ಯಾನ್ಸರ್ಸ್. ಹಿಂದೆ ಜೋಧಪುರದ ಎರಡು ಸ್ಕ್ವಾಡ್ರನ್. ಮೈಸೂರಿನವರು ಸುತ್ತಿ ಬಂದು ಈಟಿ ಬಗ್ಗಿಸಿ ನುಗ್ಗಿದರು. ತುರ್ಕರ ಸಾಲಿನೊಳಗೆ ಹೊಕ್ಕರು ಕೂಡ. ಕೆಲವು ತುರ್ಕರು ಆಯುಧ ಎಸೆದು ಶರಣಾದರು. ಇಲ್ಲಿಯವರೆಗೆ ಹೈಫಾದ ಹಾಗೆಯೇ. ಆದರೆ ಸವಾರರು ಬಹಳ ಕಡಿಮೆ. ಗೆದ್ದ ಜಾಗದಲ್ಲಿ ನಿಲ್ಲಲು, ಶರಣಾದವರನ್ನು ಒಟ್ಟುಮಾಡಲು ಜನ ಸಾಲಲಿಲ್ಲ. ಇವರು ಇಷ್ಟೇ ಜನ ಎಂದು ಕಂಡ ಕೂಡಲೇ ಆಯುಧ ಎಸೆದವರು ಮತ್ತೆ ರೈಫಲ್ ಎತ್ತಿದರು. ಬ್ರಿಗೇಡ್ ಹಿಂದೆ ಸರಿದು, ಕಣ್ಣಿಟ್ಟು ಕಾಯಿತು. ನಡುರಾತ್ರಿಯ ಹೊತ್ತಿಗೆ ತುರ್ಕರು ತಾವಾಗಿಯೇ ಜಾಗ ಖಾಲಿ ಮಾಡಿದರು. ಆ ದಿನ ಬ್ರಿಗೇಡಿನಲ್ಲಿ ಸತ್ತವರು 21, ಗಾಯಗೊಂಡವರು 56. ಹೈಫಾದಲ್ಲಿ ಬಿದ್ದದ್ದಕ್ಕಿಂತ ಎರಡೂವರೆ ಪಟ್ಟು ಹೆಣ. ನಾಲ್ಕು ದಿನದಲ್ಲಿ, ಅಕ್ಟೋಬರ್ 30ಕ್ಕೆ, ತುರ್ಕಿ ಯುದ್ಧ ನಿಲ್ಲಿಸುವ ಒಪ್ಪಂದಕ್ಕೆ ಸಹಿ ಹಾಕಿತು. ಇನ್ನು ನಾಲ್ಕು ದಿನ ತಡೆದಿದ್ದರೆ ಆ 21 ಜನ ಊರಿಗೆ ಮರಳುತ್ತಿದ್ದರು.

ಅದೇ ದಳ, ಅದೇ ದಂಡನಾಯಕ, ಅದೇ ಈಟಿ. ಹೈಫಾದಲ್ಲಿ ಬೆಟ್ಟ ಹತ್ತಿ ಫಿರಂಗಿ ಹಿಡಿಯುವಷ್ಟು ಸಮಯ ಸಿಕ್ಕಿತ್ತು. ವೈರಿ ಎಲ್ಲಿದ್ದಾನೆ ಎಂದು ಕಣ್ಣಿಗೆ ಕಾಣುತ್ತಿತ್ತು. ನುಗ್ಗಿದವರ ಹಿಂದೆ ಇನ್ನೊಂದು ರೆಜಿಮೆಂಟ್ ಸಿದ್ಧವಿತ್ತು. ಹರಿತಾನಿನಲ್ಲಿ ಎಣಿಕೆ ತಪ್ಪಿತು, ಫಿರಂಗಿ ಇರಲಿಲ್ಲ, ಹಿಂದಿನಿಂದ ಬಂದು ಜಾಗ ಹಿಡಿಯುವವರು ಸಾಲಲಿಲ್ಲ. ಕುದುರೆಗಳೂ ಮನುಷ್ಯರೂ ಐದು ವಾರ ನಡೆದು ಸೊರಗಿದ್ದರು. ಇದರಲ್ಲಿ ಸವಾರರ ತಪ್ಪು ಏನೂ ಇಲ್ಲ.

ಇನ್ನೊಂದು ಮಾತು. ಹೈಫಾ "ಜಗತ್ತಿನ ಕೊನೆಯ ಕುದುರೆ ದಾಳಿ" ಎಂದು ಬರೆಯುತ್ತಾರೆ. ಅದು ಸರಿಯಲ್ಲ. ಹರಿತಾನ್ ಅದರ ನಂತರದ್ದು. ಎರಡನೇ ಮಹಾಯುದ್ಧದಲ್ಲೂ, 1942ರ ಆಗಸ್ಟ್‌ನಲ್ಲಿ, ರಷ್ಯಾದ ಬಯಲಲ್ಲಿ ಇಟಲಿಯ ಕುದುರೆ ದಳ ಕತ್ತಿ ಹಿಡಿದು ನುಗ್ಗಿದ್ದಿದೆ. ಹೈಫಾದ ದೊಡ್ಡತನಕ್ಕೆ "ಕೊನೆಯದು" ಎಂಬ ಪಟ್ಟ ಬೇಕಿಲ್ಲ. ಗಟ್ಟಿಯಾಗಿ ಕಾವಲಿದ್ದ ಒಂದು ಬಂದರನ್ನು ಎರಡು ರೆಜಿಮೆಂಟ್‌ಗಳು ಹಗಲು ಹೊತ್ತಿನಲ್ಲಿ ಕುದುರೆ ಮೇಲೆ ಗೆದ್ದವು ಎಂಬುದೇ ಸಾಕಷ್ಟು ಅಪರೂಪ.

ಇದು ಯಾರ ಯುದ್ಧ ಎಂದೂ ಕೆಲವರು ಕೇಳುತ್ತಾರೆ. ನ್ಯಾಯವಾದ ಪ್ರಶ್ನೆಯೇ. ಮೈಸೂರಿನ ತೆರಿಗೆ ಹಣದಲ್ಲಿ ಬೆಳೆದ ದಳ ಬ್ರಿಟಿಷ್ ಸಾಮ್ರಾಜ್ಯಕ್ಕಾಗಿ ಹೋರಾಡಿತು. ತುರ್ಕರು ಹೋದ ಮೇಲೆ ಪ್ಯಾಲೆಸ್ಟೈನ್ ಬ್ರಿಟಿಷರ ಕೈಗೆ ಬಂತು. ಅಲ್ಲಿನ ಜನರಿಗೆ ಸ್ವಾತಂತ್ರ್ಯ ಬರಲಿಲ್ಲ, ಮೈಸೂರಿಗೂ ಬರಲಿಲ್ಲ. ಸವಾರರು ಹೋದದ್ದು ಸಂಬಳಕ್ಕೆ, ಮಾನಕ್ಕೆ, ಪಕ್ಕದಲ್ಲಿ ಕುದುರೆ ಏರಿದವನ ಮೇಲಿನ ಋಣಕ್ಕೆ. ಸಾಮ್ರಾಜ್ಯವನ್ನು ಒಪ್ಪದೆಯೂ ಅವರನ್ನು ಗೌರವಿಸಬಹುದು. ನಾನು ಹಾಗೇ ಮಾಡುತ್ತೇನೆ.

ದಳ ಊರಿಗೆ ಮರಳಿದ್ದು 1920ರಲ್ಲಿ. 1922ರಲ್ಲಿ ದೆಹಲಿಯಲ್ಲಿ ಮೂರು ಸಂಸ್ಥಾನಗಳ ಸವಾರರ ನೆನಪಿಗೆ ಮೂರು ಕಂಚಿನ ಪ್ರತಿಮೆ ನಿಲ್ಲಿಸಿದರು: ಹೈದರಾಬಾದ್, ಜೋಧಪುರ, ಮೈಸೂರು. ತೀನ್ ಮೂರ್ತಿ ಎಂದು ಆ ಜಾಗಕ್ಕೆ ಹೆಸರು ಬಂದದ್ದು ಅದರಿಂದಲೇ. 2018ರಲ್ಲಿ ಆ ವೃತ್ತದ ಹೆಸರಿಗೆ ಹೈಫಾ ಸೇರಿತು. ಸ್ವಾತಂತ್ರ್ಯದ ನಂತರ ಸಂಸ್ಥಾನಗಳ ಕುದುರೆ ದಳಗಳನ್ನು ವಿಸರ್ಜಿಸಿ, ಗ್ವಾಲಿಯರ್, ಜೋಧಪುರ, ಮೈಸೂರು ಮುಂತಾದ ಕಡೆಯ ಸವಾರರನ್ನು ಕೂಡಿಸಿ 1953ರಲ್ಲಿ ಒಂದು ಹೊಸ ರೆಜಿಮೆಂಟ್ ಕಟ್ಟಿದರು. ಅದೇ 61ನೇ ಕ್ಯಾವಲ್ರಿ. ನೆಲೆ ಜೈಪುರ. ಗಣರಾಜ್ಯೋತ್ಸವದ ಪೆರೇಡಿನಲ್ಲಿ ಕುದುರೆ ಮೇಲೆ ಸಾಗುವ ದಳ ಅದು.

ಮೈಸೂರು ಲ್ಯಾನ್ಸರ್ಸ್ ಸ್ಮಾರಕವನ್ನು ಕಾಣಲು ದೆಹಲಿಯವರೆಗೆ ಹೋಗಬೇಕಿಲ್ಲ. ಬೆಂಗಳೂರಿನ ಜೆ.ಸಿ. ನಗರದಲ್ಲಿ ಒಂದು ಕಲ್ಲಿನ ಕಂಬವಿದೆ. ದಳ ಹೋರಾಡಿದ ಜಾಗಗಳ ಹೆಸರು, ಸತ್ತವರ ಹೆಸರು ಅದರ ಮೇಲಿವೆ. ತುಮಕೂರಿನಿಂದ ಬೆಳಗಿನ ರೈಲು ಹಿಡಿದು ಯಶವಂತಪುರದಲ್ಲಿ ಇಳಿದರೆ ಮೇಖ್ರಿ ಸರ್ಕಲ್ ಕಡೆಯಿಂದ ಜೆ.ಸಿ. ನಗರ ಹತ್ತಿರವೇ. ಮಕ್ಕಳನ್ನು ಕರೆದುಕೊಂಡು ಹೋಗಿ. ಹೋಗುವ ಮೊದಲು ಅವರಿಗೆ ಕಾರ್ಮೆಲ್ ಬೆಟ್ಟದ ಕಥೆಯ ಜೊತೆ ಹರಿತಾನಿನ ಕಥೆಯನ್ನೂ ಹೇಳಿ.